ಒಂದು ಬಡ ದೇಶದಲ್ಲಿ ಸುರಕ್ಷಿತ, ಕೈಗೆಟಕೋ ಸರ್ಜರಿ ಎಷ್ಟು ಜನಕ್ಕೆ ಸಿಗ್ತಿದೆ ಅಂತ ಅಳೆಯೋದು ಹೇಗೆ?

ಎಣಿಕೆಗಾರ್ತಿ:

ನಮಸ್ಕಾರ ಎಲ್ರಿಗೂ. ನಾನು ಡಾಕ್ಟ್ರಲ್ಲ, ಸ್ಟ್ಯಾಟಿಸ್ಟಿಕ್ಸ್ ಓದಿ ಈಗ ಪಬ್ಲಿಕ್ ಹೆಲ್ತ್ ಕಡೆ ಬಂದಿದೀನಿ. ನಮ್ಮ ಟೀಮ್‌ಗೆ ಬಂದಿರೋ ಕೆಲಸ ಏನಂದ್ರೆ, ಒಂದು ಬಡ ದೇಶದಲ್ಲಿ ಯಾರಿಗಾದ್ರೂ ಆಪರೇಷನ್ ಬೇಕಾದ್ರೆ ಅದು ಟೈಮಿಗೆ ಸರಿಯಾಗಿ, ಜೀವಕ್ಕೆ ಅಪಾಯ ಇಲ್ದಂಗೆ, ಮನೆಮಠ ಮಾರ್ಕೊಳ್ದೆ ಸಿಗುತ್ತಾ, ಎಷ್ಟು ಪರ್ಸೆಂಟ್ ಜನಕ್ಕೆ ಸಿಗುತ್ತೆ ಅಂತ ಅಳೆಯೋ ವಿಧಾನ ರೆಡಿ ಮಾಡೋದು. ಕೇಳೋಕೆ ಸುಲಭ ಅನ್ಸುತ್ತೆ, ಕೂತ್ರೆ ಎಲ್ಲಿಂದ ಶುರು ಮಾಡೋದು ಅಂತಾನೇ ತಿಳೀತಿಲ್ಲ.

ಇದುವರೆಗೆ ಓದಿರೋದು ಹೇಳ್ತೀನಿ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಸರ್ಜರಿ ಕಮಿಷನ್ ರಿಪೋರ್ಟ್ ಬಂತಲ್ಲ, ಅದ್ರ ಪ್ರಕಾರ ಜಗತ್ತಲ್ಲಿ ಸುಮಾರು 500 ಕೋಟಿ ಜನಕ್ಕೆ ಬೇಕಾದಾಗ ಸುರಕ್ಷಿತ, ಕೈಗೆಟಕೋ ಸರ್ಜರಿ ಮತ್ತೆ ಅನಸ್ತೇಶಿಯಾ ಸಿಗಲ್ಲ. ವರ್ಷಕ್ಕೆ ನಡೆಯೋ 31 ಕೋಟಿ 30 ಲಕ್ಷ ಆಪರೇಷನ್‌ಗಳಲ್ಲಿ ಅತಿ ಬಡ ದೇಶಗಳ ಪಾಲು ಬರೀ 6 ಪರ್ಸೆಂಟ್, ಆದ್ರೆ ಜಗತ್ತಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಇರೋದು ಅಲ್ಲೇ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ವರ್ಷಕ್ಕೆ ಇನ್ನೂ 14 ಕೋಟಿ 30 ಲಕ್ಷ ಆಪರೇಷನ್ ಆಗ್ಬೇಕಿತ್ತು, ಆಗ್ತಿಲ್ಲ.

ಅದೇ ಕಮಿಷನ್ ಆರು ಇಂಡಿಕೇಟರ್ ಕೊಟ್ಟಿದೆ. ಸಿಸೇರಿಯನ್, ಹೊಟ್ಟೆ ತೆರೆದು ಮಾಡೋ ಲ್ಯಾಪರಾಟಮಿ, ಮೂಳೆ ಮುರಿದು ಚರ್ಮ ಸೀಳ್ಕೊಂಡು ಬಂದಿರೋ ಓಪನ್ ಫ್ರ್ಯಾಕ್ಚರ್, ಈ ಮೂರಕ್ಕೂ ಚಿಕಿತ್ಸೆ ಕೊಡೋ ಆಸ್ಪತ್ರೆನ ಎರಡು ಗಂಟೆ ಒಳಗೆ ಎಷ್ಟು ಜನ ತಲುಪ್ಬೋದು, ಅದಕ್ಕೆ 2030ರ ಗುರಿ 80 ಪರ್ಸೆಂಟ್. ಲಕ್ಷ ಜನಕ್ಕೆ ಸರ್ಜನ್, ಅನಸ್ತೇಶಿಯಾ ಡಾಕ್ಟ್ರು, ಹೆರಿಗೆ ಡಾಕ್ಟ್ರು ಸೇರಿ ಕನಿಷ್ಠ 20 ಜನ. ಲಕ್ಷ ಜನಕ್ಕೆ ವರ್ಷಕ್ಕೆ 5000 ಆಪರೇಷನ್. ಆಪರೇಷನ್ ಆದ್ಮೇಲೆ ಡಿಸ್ಚಾರ್ಜ್ ಆಗೋದ್ರೊಳಗೆ ಸತ್ತೋರ ಪ್ರಮಾಣ. ಖರ್ಚಿಂದ ಬಡತನಕ್ಕೆ ಬೀಳೋದ್ರಿಂದ ರಕ್ಷಣೆ, ಆಮೇಲೆ ಮನೆ ಲೆಕ್ಕಾನೇ ಬುಡಮೇಲು ಮಾಡೋ ಖರ್ಚಿಂದ ರಕ್ಷಣೆ.

ನನಗೆ ತೊಡಕಾಗಿರೋದು ಏನಂದ್ರೆ, ನಮ್ಮ ಕೈಲಿರೋ ಡೇಟಾ ಎಲ್ಲಾ ಆಸ್ಪತ್ರೆದು, ಅದೂ ಸರ್ಕಾರಿ ಆಸ್ಪತ್ರೆಗಳದ್ದೇ ಜಾಸ್ತಿ. ಮೇಲಿನವರು ಕೇಳ್ತಿರೋದು ಒಂದೇ ಒಂದು ನಂಬರ್. ಈ ಆರನ್ನೂ ಸೇರಿಸಿ ಒಂದು ನಂಬರ್ ಮಾಡೋದು ಸರೀನಾ? ಆಸ್ಪತ್ರೆ ಡೇಟಾ ಇಟ್ಕೊಂಡು ಎಷ್ಟು ದೂರ ಹೋಗ್ಬೋದು? ಫೀಲ್ಡಲ್ಲಿ ಕೆಲಸ ಮಾಡಿರೋರು ದಯವಿಟ್ಟು ಹೇಳಿ.

ಓಟಿ_ಒಳಗಿಂದ:

ನಾನು ಅನಸ್ತೇಶಿಯಾ ಡಾಕ್ಟ್ರು. ಸುರಕ್ಷತೆ ಅಳೆಯೋದ್ರ ಬಗ್ಗೆ ಮಾತ್ರ ಬರೀತೀನಿ, ಉಳಿದಿದ್ದು ಗೊತ್ತಿರೋರು ಬರೀಲಿ.

ಸಾವಿನ ಪ್ರಮಾಣ ಅಂತ ಹೇಳಿದ್ರಲ್ಲ, ಅದನ್ನ ಲೆಕ್ಕ ಹಾಕೋಕೆ ಮುಂಚೆ ಒಂದು ಸಲ ಸಣ್ಣ ಆಸ್ಪತ್ರೆಯ ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್ ಕೈಲಿ ಹಿಡ್ಕೊಂಡು ನೋಡಿ. ಉದ್ದನೆ ಪುಸ್ತಕ, ಸ್ಕೇಲ್ ಇಟ್ಟು ಕೈಯಲ್ಲೇ ಗೆರೆ ಎಳೆದಿರ್ತಾರೆ. ಸೀರಿಯಲ್ ನಂಬರ್, ತಾರೀಖು, ಹೆಸರು, ವಯಸ್ಸು, ಕಾಯಿಲೆ, ಯಾವ ಆಪರೇಷನ್, ಸರ್ಜನ್ ಯಾರು, ಅನಸ್ತೇಶಿಯಾ ಯಾವ್ದು, ಕೊನೆಗೆ ಸಿಸ್ಟರ್ ಸಹಿ. ಪೇಷಂಟ್ ಬದುಕಿದ್ರಾ ಅನ್ನೋ ಕಾಲಂ ಬಹಳ ಕಡೆ ಇರೋದೇ ಇಲ್ಲ. ಮೂರನೇ ದಿನ ವಾರ್ಡಲ್ಲಿ ತೀರ್ಕೊಂಡ್ರೆ ಅದು ವಾರ್ಡ್ ಪುಸ್ತಕದಲ್ಲಿ ಬೇರೆ ನಂಬರ್ ಕೆಳಗೆ ಬರುತ್ತೆ, ಕಾರಣದ ಜಾಗದಲ್ಲಿ ಸೋಂಕು ಅಂತ ಇರುತ್ತೆ, ಆಪರೇಷನ್ ಆಗಿತ್ತು ಅಂತ ಬರೆದಿರಲ್ಲ. ಎರಡು ಪುಸ್ತಕ ಪಕ್ಕಪಕ್ಕ ಇಟ್ಕೊಂಡು ಹೆಸರು, ವಯಸ್ಸು, ತಾರೀಖು ಹೊಂದಿಸಿ ನೋಡ್ದೆ ಹೋದ್ರೆ ಆ ಸಾವು ನಿಮ್ಮ ಲೆಕ್ಕಕ್ಕೆ ಬರೋದೇ ಇಲ್ಲ.

ಇದು ಸಣ್ಣ ವಿಷಯ ಅಲ್ಲ. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆಫ್ರಿಕಾದ ಸ್ಟಡಿ ನೋಡಿ, 25 ದೇಶ, 247 ಆಸ್ಪತ್ರೆ, 11 ಸಾವಿರ ಚಿಲ್ಲರೆ ಪೇಷಂಟ್‌ಗಳು. ಸತ್ತೋರು 239 ಜನ, ಅದ್ರಲ್ಲಿ 225 ಜನ ಸತ್ತಿದ್ದು ಆಪರೇಷನ್ ದಿನ ದಾಟಿದ್ಮೇಲೆ. ಅಂದ್ರೆ ಓಟಿ ಒಳಗಿನ ಸಾವು ಮಾತ್ರ ಎಣಿಸಿದ್ರೆ ಹತ್ತಿರತ್ತಿರ ಎಲ್ಲಾನೂ ಬಿಟ್ಟುಹೋಗುತ್ತೆ. ಸಾವಿನ ಪ್ರಮಾಣ 2.1 ಪರ್ಸೆಂಟ್, ಜಾಗತಿಕ ಸರಾಸರಿಯ ಎರಡರಷ್ಟು, ಅದೂ ಆ ಪೇಷಂಟ್‌ಗಳು ಬೇರೆ ಕಡೆಯವರಿಗಿಂತ ವಯಸ್ಸಲ್ಲಿ ಚಿಕ್ಕೋರು, ಬೇರೆ ಕಾಯಿಲೆ ಕಮ್ಮಿ ಇರೋರು. ಅದೇ ಸ್ಟಡಿಯ ಸಿಸೇರಿಯನ್ ಭಾಗದಲ್ಲಿ ತಾಯಂದಿರ ಸಾವು ಸುಮಾರು 0.5 ಪರ್ಸೆಂಟ್, ಶ್ರೀಮಂತ ದೇಶಗಳ 50 ಪಟ್ಟು. ಓದ್ದಾಗ್ಲೆಲ್ಲ ಹೊಟ್ಟೆ ಕಿವುಚಿದಂಗಾಗುತ್ತೆ, ಯಾಕಂದ್ರೆ ರಕ್ತಸ್ರಾವ, ಸೋಂಕು ಇವನ್ನ ವಾರ್ಡಲ್ಲಿ ಯಾರಾದ್ರೂ ಒಬ್ರು ಬೇಗ ಗಮನಿಸಿದ್ರೆ ಎಷ್ಟೋ ಸಾವು ತಪ್ಪಿಸ್ಬೋದು.

ಇನ್ನೊಂದು, ಸಾವು ಕಮ್ಮಿ ಇದ್ರೆ ಒಳ್ಳೇ ಆಸ್ಪತ್ರೆ ಅಂತ ತಕ್ಷಣ ಬರೀಬೇಡಿ. ಹರ್ನಿಯಾ ಮಾತ್ರ ಮಾಡ್ಕೊಂಡು, ಕರುಳು ತೂತಾಗಿ ಬಂದೋರನ್ನೆಲ್ಲ ದೊಡ್ಡಾಸ್ಪತ್ರೆಗೆ ಕಳಿಸೋ ಜಾಗದಲ್ಲಿ ಸಾವು ಕಮ್ಮೀನೇ ಇರುತ್ತೆ. ದಾರೀಲಿ ಸತ್ತೋರು ಯಾರ ಪುಸ್ತಕದಲ್ಲೂ ಇರಲ್ಲ. ಅದಕ್ಕೆ ಎಮರ್ಜೆನ್ಸಿ ಬೇರೆ, ಪ್ಲಾನ್ ಮಾಡಿ ಮಾಡಿದ್ದು ಬೇರೆ, ಸಿಸೇರಿಯನ್ ಬೇರೆ, ಲ್ಯಾಪರಾಟಮಿ ಬೇರೆ ಅಂತ ಬಿಡಿಸಿ ತೋರ್ಸಿ. ಸಣ್ಣ ಆಸ್ಪತ್ರೆಗಳಿಗೆ ರ‍್ಯಾಂಕ್ ಕೊಡೋಕೆ ಹೋಗ್ಲೇಬೇಡಿ. ನೀವು ಸ್ಟ್ಯಾಟಿಸ್ಟಿಕ್ಸ್‌ನವರು, ನಾನು ಹೇಳೋದು ಬೇಡ, ಆದ್ರೂ 200 ಆಪರೇಷನ್‌ಗೆ 2 ಸಾವು ಅಂದ್ರೆ ನಿಜವಾದ ಪ್ರಮಾಣ 0.1ರಿಂದ 3.6 ಪರ್ಸೆಂಟ್ ಒಳಗೆ ಎಲ್ಲಿ ಬೇಕಾದ್ರೂ ಇರ್ಬೋದು.

ಸಾವಿನ ಜೊತೆಗೆ ಸಲಕರಣೆ, ಪದ್ಧತಿ ಎರಡನ್ನೂ ನೋಡಿ. ಪಲ್ಸ್ ಆಕ್ಸಿಮೀಟರ್ ಇದೆಯಾ, ಅದ್ರ ಪ್ರೋಬ್ ಕೆಲಸ ಮಾಡ್ತಿದೆಯಾ, ಆಕ್ಸಿಜನ್ ಕರೆಂಟ್ ಹೋದಾಗ್ಲೂ ಬರುತ್ತಾ. ಜಗತ್ತಲ್ಲಿ 77 ಸಾವಿರಕ್ಕೂ ಜಾಸ್ತಿ ಓಟಿಗಳಲ್ಲಿ ಆಕ್ಸಿಮೀಟರೇ ಇಲ್ಲ ಅಂತ 2010ರಲ್ಲಿ ಲೆಕ್ಕ ಹಾಕಿದ್ರು. ವಿಶ್ವ ಆರೋಗ್ಯ ಸಂಸ್ಥೆಯ ಸರ್ಜರಿ ಚೆಕ್‌ಲಿಸ್ಟ್ ನಿಜವಾಗ್ಲೂ ಬಾಯಲ್ಲಿ ಹೇಳಿ ಮಾಡ್ತಾರಾ ಅಥವಾ ಸಂಜೆ ಕೂತು ಎಲ್ಲಾ ಟಿಕ್ ಹಾಕ್ತಾರಾ ಅಂತ ಓಟಿ ಒಳಗೆ ನಿಂತು ನೋಡ್ಬೇಕು, ಪೇಪರ್ ನೋಡಿದ್ರೆ ಗೊತ್ತಾಗಲ್ಲ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಮಾಡಿ 2009ರಲ್ಲಿ ಪ್ರಕಟ ಆದ ಸ್ಟಡೀಲಿ ಈ ಚೆಕ್‌ಲಿಸ್ಟ್ ಬಂದ್ಮೇಲೆ ಸಾವು 1.5ರಿಂದ 0.8 ಪರ್ಸೆಂಟ್‌ಗೆ ಇಳಿದಿತ್ತು.

ರಸ್ತೆ_ನಕ್ಷೆ:

ಎರಡು ಗಂಟೆ ವಿಷಯಕ್ಕೆ ನಾನು ಬರ್ತೀನಿ, ಜಿಐಎಸ್, ಅಂದ್ರೆ ಕಂಪ್ಯೂಟರಲ್ಲಿ ನಕ್ಷೆ ಮಾಡೋ ಕೆಲಸ ನಂದು.

ಎರಡೇ ಗಂಟೆ ಯಾಕೆ ಅಂದ್ರೆ, ಹೆರಿಗೆ ಆದ್ಮೇಲೆ ವಿಪರೀತ ರಕ್ತ ಹೋಗೋಕೆ ಶುರುವಾದ್ರೆ ಚಿಕಿತ್ಸೆ ಸಿಗದ ತಾಯಿ ಜೀವ ಹೋಗೋಕೆ ಸುಮಾರು ಅಷ್ಟೇ ಹೊತ್ತು ಸಾಕು. ಅಲ್ಲಿಂದ ಬಂದಿರೋ ಗೆರೆ ಅದು. ಆ ಮೂರು ಆಪರೇಷನ್‌ನೇ ಯಾಕೆ ಆರಿಸಿದ್ರು ಅಂದ್ರೆ, ಮೂರನ್ನೂ ಮಾಡೋ ಆಸ್ಪತ್ರೆ ಬೇರೆ ಅಗತ್ಯ ಸರ್ಜರಿಗಳನ್ನೂ ಬಹುತೇಕ ಮಾಡೋ ಸ್ಥಿತೀಲಿ ಇರುತ್ತೆ.

ಮಾಡೋ ವಿಧಾನ ಹೀಗೆ. ಆಸ್ಪತ್ರೆಗಳ ಜಿಪಿಎಸ್ ಪಾಯಿಂಟ್, ರಸ್ತೆ, ನದಿ, ಏರು ತಗ್ಗು ಇವನ್ನೆಲ್ಲ ಹಾಕಿ ನೆಲದ ಪ್ರತಿ ಚೌಕ ದಾಟೋಕೆ ಎಷ್ಟು ನಿಮಿಷ ಅಂತ ಒಂದು ಲೇಯರ್ ಮಾಡ್ತೀವಿ, ಅದ್ರ ಮೇಲೆ ಜನಸಂಖ್ಯೆ ಲೇಯರ್ ಇಟ್ರೆ ಎರಡು ಗಂಟೆ ಒಳಗೆ ಇರೋರು ಎಷ್ಟು ಅಂತ ಬರುತ್ತೆ. ಇದಕ್ಕೆ ಅಂತಾನೇ ವಿಶ್ವ ಆರೋಗ್ಯ ಸಂಸ್ಥೆಯ ಆಕ್ಸೆಸ್‌ಮಾಡ್ ಅನ್ನೋ ಸಾಫ್ಟ್‌ವೇರ್ ಇದೆ, ಫ್ರೀ. ಸಹಾರಾ ಕೆಳಗಿನ ಆಫ್ರಿಕಾದ 4908 ಸರ್ಕಾರಿ ಆಸ್ಪತ್ರೆಗಳನ್ನ ಇಟ್ಕೊಂಡು 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 29 ಪರ್ಸೆಂಟ್ ಜನ ಹತ್ತಿರದ ಆಸ್ಪತ್ರೆಗೂ ಎರಡು ಗಂಟೆಗಿಂತ ದೂರ ಇದ್ರು. ಗಮನಿಸಿ, ಅದು ಆಸ್ಪತ್ರೆ ಅನ್ನೋ ಕಟ್ಟಡಕ್ಕೆ ಇರೋ ದೂರ. ಆ ಮೂರೂ ಆಪರೇಷನ್ ಮಾಡೋ ಆಸ್ಪತ್ರೆಗೆ ಅಂತ ಲೆಕ್ಕ ಹಾಕಿದ್ರೆ ದೂರ ಹೆಚ್ಚೋದೇ ಹೊರತು ಕಮ್ಮಿ ಆಗಲ್ಲ.

ನಾನು ಎಲ್ರಿಗೂ ಹೇಳೋ ಮಾತು, ಫೆಸಿಲಿಟಿ ಸರ್ವೆ ಮಾಡೋವಾಗ "ನಿಮ್ಮಲ್ಲಿ ಲ್ಯಾಪರಾಟಮಿ ಮಾಡ್ತೀರಾ" ಅಂತ ಕೇಳ್ಬೇಡಿ. ಎಲ್ರೂ ಹೌದು ಅಂತಾರೆ, ಸುಳ್ಳು ಹೇಳ್ಬೇಕು ಅಂತ ಅಲ್ಲ, ಸರ್ಜನ್ ಪೋಸ್ಟ್ ಇದೆ, ಓಟಿ ಇದೆ, ಅವರ ಲೆಕ್ಕದಲ್ಲಿ ಮಾಡ್ತಾರೆ. "ಕಳೆದ ಮೂರು ತಿಂಗಳಲ್ಲಿ ಎಷ್ಟು ಮಾಡಿದ್ರಿ, ಕೊನೇದು ಯಾವ ತಾರೀಖು, ಎಷ್ಟು ಗಂಟೆಗೆ" ಅಂತ ಕೇಳಿ, ಮೇಲೆ ಡಾಕ್ಟ್ರು ಹೇಳಿದ ರಿಜಿಸ್ಟರ್‌ನಲ್ಲೇ ತೋರ್ಸಿ ಅನ್ನಿ. ಗಂಟೆ ಯಾಕೆ ಕೇಳ್ಬೇಕು ಅಂದ್ರೆ ಎಲ್ಲಾ ಆಪರೇಷನ್‌ಗಳೂ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೇ ಆಗಿದ್ರೆ ಆ ಆಸ್ಪತ್ರೆ ರಾತ್ರಿ ಹೊತ್ತಲ್ಲಿ ನಕ್ಷೆ ಮೇಲೆ ಇಲ್ಲ ಅಂತಾನೇ ಅರ್ಥ. ನಾವು ರಾತ್ರಿ ನಕ್ಷೆ, ಹಗಲು ನಕ್ಷೆ ಅಂತ ಎರಡು ಮಾಡೋದು ಅದಕ್ಕೇ. ಮಳೆಗಾಲದ್ದು ಮೂರನೇದು, ಕಚ್ಚಾ ರಸ್ತೆ ಜಾಸ್ತಿ ಇರೋ ದೇಶ ಆದ್ರೆ ಅದು ಬೇಕೇಬೇಕು.

ಆಮೇಲೆ ಸಾಫ್ಟ್‌ವೇರ್ ಅಂದ್ಕೊಳ್ಳೋದು ಏನಂದ್ರೆ ಜನ ಮನೆಯಿಂದ ಸೀದಾ ಸರಿಯಾದ ಆಸ್ಪತ್ರೆಗೆ ಹೊರಡ್ತಾರೆ, ಮನೆ ಬಾಗಿಲಲ್ಲಿ ಗಾಡಿ ನಿಂತಿರುತ್ತೆ ಅಂತ. ನಿಜದಲ್ಲಿ ಮೊದಲು ಹತ್ತಿರದ ಕ್ಲಿನಿಕ್, ಅಲ್ಲಿಂದ ಇನ್ನೊಂದಕ್ಕೆ ಚೀಟಿ, ಅಲ್ಲಿ ಸರ್ಜನ್ ರಜೆ, ಅಲ್ಲಿಂದ ಮತ್ತೊಂದು ಕಡೆ. ತಡ ಆಗೋದನ್ನ ಮೂರಾಗಿ ನೋಡೋ ಪದ್ಧತಿ 1994ರಿಂದಾನೇ ಇದೆ, ಹೊರಡೋ ತೀರ್ಮಾನಕ್ಕೆ ಆಗೋ ತಡ, ದಾರಿಯ ತಡ, ಆಸ್ಪತ್ರೆ ಒಳಗೆ ಚಿಕಿತ್ಸೆ ಶುರುವಾಗೋಕೆ ಆಗೋ ತಡ. ನಕ್ಷೆ ಅಳೆಯೋದು ಮಧ್ಯದ್ದು ಮಾತ್ರ.

ಮನಿ_ಮನಿ_ಸರ್ವೆ:

ನೋಡ್ರಿ ಮೇಡಂ, ಮ್ಯಾಲಿನ ಇಬ್ಬರೂ ಹೇಳಿದ್ದು ಖರೇನ ಐತಿ. ಆದ್ರ ಎರಡೂ ಆಸ್ಪತ್ರಿಯಿಂದ ಶುರು ಆಗ್ತಾವು. ಆಸ್ಪತ್ರಿಗೆ ಬರಲಾರದವರು ಯಾವ ರಜಿಸ್ಟರ್‌ನ್ಯಾಗೂ ಇರಂಗಿಲ್ಲ, ಅವರನ್ನ ಎಣಿಸಾಕ ಅವರ ಮನಿಗೇ ಹೋಗಬೇಕು.

ಇದನ್ನ ಸಿಯೆರಾ ಲಿಯೋನ್‌ದಾಗ ಮಾಡ್ಯಾರ, 2012ರಾಗ ಸರ್ವೆ ಆತು. ಮನಿಗೊಂದು ಇಬ್ಬರನ್ನ ಚೀಟಿ ಎತ್ತಿದಂಗ ಆರಿಸಿ, ತಲಿಯಿಂದ ಕಾಲಿನ ಮಟ ಒಂದೊಂದ ಭಾಗ ಹೆಸರ ಹೇಳಿ ಕೇಳೂದು, ಇಲ್ಲಿ ಗಂಟು ಐತೇನು, ಗಾಯ ಆಗಿ ಮಾಯದೇ ಉಳದೈತೇನು, ಸುಟ್ಟದ್ದು ಐತೇನು, ಐತಿ ಅಂದ್ರ ಯಾರ ಕಡೆ ಹೋಗಿದ್ರಿ, ಹೋಗಲಿಲ್ಲ ಅಂದ್ರ ಯಾಕ ಹೋಗಲಿಲ್ಲ. ಹೋದ ವರ್ಷ ಮನ್ಯಾಗ ಯಾರರೆ ತೀರಿಕೊಂಡಾರೇನು, ತೀರಿಕೊಳ್ಳೂ ಮುಂದ ಅವರಿಗೇನಾಗಿತ್ತು. 3645 ಮಂದಿ ಉತ್ತರ ಕೊಟ್ರು, ಅದ್ರಾಗ 25 ಪರ್ಸೆಂಟ್ ಮಂದಿಗೆ ಸರ್ಜನ್ ನೋಡಬೇಕಾದ ತೊಂದರಿ ಇತ್ತು. ಆ ಮನಿಗಳಾಗಿನ ಸಾವಿನಾಗೂ ನಾಕರಾಗ ಒಂದು ಟೈಮಿಗೆ ಸರ್ಜರಿ ಸಿಕ್ಕಿದ್ರ ತಪ್ಪತಿತ್ತೇನೋ ಅನ್ನೂವಂಥದ್ದು. ರುವಾಂಡಾ, ನೇಪಾಳ, ಉಗಾಂಡಾದಾಗೂ ಇದೇ ಪದ್ಧತಿ ಬಳಸ್ಯಾರ.

ನಿಮ್ಮ ಆರು ಇಂಡಿಕೇಟರ್‌ನ್ಯಾಗ ಆಪರೇಷನ್ ಎಷ್ಟು ಆದವು ಅನ್ನೂದು ಐತಿ, ಎಷ್ಟು ಬೇಕಾಗಿತ್ತು ಅನ್ನೂದು ಆ ದೇಶದ ಮಂದಿನ್ನ ಕೇಳಿ ತಗೊಂಡಿದ್ದಲ್ಲ. ಆ 5000 ಅನ್ನೂದು ಬ್ಯಾರೆ ದೇಶಗಳ ಬಾಣಂತಿ ಸಾವು, ಆಯುಷ್ಯ ನೋಡಿ ಇಟ್ಟ ಗುರಿ. ನಿಮ್ಮ ದೇಶದಾಗ ಯಾವ ತೊಂದರಿ ಜಾಸ್ತಿ, ಯಾವ ವಯಸ್ಸಿನವರು ಮನ್ಯಾಗ ಕುಂತಾರ ಅನ್ನೂದು ಸರ್ವೆ ಮಾಡಿದ್ರಷ್ಟ ತಿಳೀತೈತಿ.

ಒಂದೆರಡು ಎಚ್ಚರಿಕಿ. ಹರ್ನಿಯಾ ಇದ್ದವರು ಹತ್ತಿಪ್ಪತ್ತು ವರ್ಷ ಅದನ್ನ ಇಟಗೊಂಡ ಬದುಕಿರತಾರ, ತೊಂದರಿ ಐತೇನು ಅಂದ್ರ ಇಲ್ಲ ಅಂತಾರ. ಭಾರ ಎತ್ತಿದಾಗ ತೊಡಿ ಸಂದಿನ್ಯಾಗ ಉಬ್ಬತೈತೇನು ಅಂತ ಕೇಳ್ರಿ, ಆಗ ಹೌದು ಅಂತಾರ. ಹೆರಗಿ ಆದ ಮ್ಯಾಲ ಫಿಸ್ಟುಲಾ ಆಗಿ ಮೂತ್ರ ನಿಲ್ಲಲಾರದ ಹೆಣ್ಮಕ್ಕಳು ಗಂಡನ ಮುಂದ, ಅತ್ತಿ ಮುಂದ ಬಾಯಿ ಬಿಡಂಗಿಲ್ಲ. ಅದಕ್ಕ ಹೆಣ್ಮಗಳು ಹೋಗಿ ಒಬ್ಬಾಕಿನ್ನ ಕುಂದರಿಸಿಕೊಂಡು ಕೇಳಬೇಕು, ಬ್ಯಾರೆ ದಾರಿನ ಇಲ್ಲ.

ಸುಮ್ನೆ_ಓದುಗ:

ಕ್ಷಮಿಸಿ, ನಾನು ಈ ಫೀಲ್ಡ್‌ನವನಲ್ಲ. ಓದ್ತಾ ಓದ್ತಾ ಒಂದು ಅನುಮಾನ ಬಂತು. ದುಡ್ಡೇ ಇಲ್ಲದ ದೇಶದಲ್ಲಿ ಇಷ್ಟೆಲ್ಲ ಅಳೆಯೋಕೆ ಖರ್ಚು ಮಾಡೋ ಬದಲು ಅದೇ ದುಡ್ಡಲ್ಲಿ ಆಪರೇಷನ್ ಮಾಡಿಸ್ಬೋದಲ್ವಾ?

ಓಟಿ_ಒಳಗಿಂದ:

ಈ ಅನುಮಾನ ನಮ್ಮ ಡಾಕ್ಟ್ರುಗಳಲ್ಲೂ ಇದೆ ಸರ್. ಆದ್ರೆ ಎಣಿಸದೆ ಇದ್ದಿದ್ದಕ್ಕೇ ಸರ್ಜರಿ ಇಷ್ಟು ವರ್ಷ ಹಿಂದೆ ಬಿತ್ತು. ಮಲೇರಿಯಾ, ಟಿಬಿ, ಎಚ್ಐವಿ ಎಲ್ಲದಕ್ಕೂ ದೇಶದೇಶದ ಲೆಕ್ಕ ಇತ್ತು, ದುಡ್ಡು ಬಂತು. ಆಪರೇಷನ್ ಆಗಿ 30 ದಿನದೊಳಗೆ ಸಾಯೋರು ಜಗತ್ತಲ್ಲಿ ವರ್ಷಕ್ಕೆ 42 ಲಕ್ಷ ಅಂತ 2019ರಲ್ಲಿ ಅಂದಾಜು ಹಾಕಿದ್ರು, ಅದು ಆ ಮೂರು ಕಾಯಿಲೆ ಸೇರಿಸಿದ್ರೂ ಆಗೋ ಸಾವಿಗಿಂತ ಜಾಸ್ತಿ. ಆಕ್ಸಿಮೀಟರ್ ಇಲ್ಲದ ಓಟಿ ಎಷ್ಟು ಅಂತ ಗೊತ್ತಾದ್ಮೇಲೆ ತಾನೆ ಅದನ್ನ ತಲುಪಿಸೋ ಕೆಲಸ ಜೋರಾಗಿದ್ದು. ಅಳತೆಗೆ ಖರ್ಚು ಕಮ್ಮಿ ಇರ್ಬೇಕು ಅನ್ನೋದು ಒಪ್ತೀನಿ, ಅದಕ್ಕೆ ಹೊಸ ರಿಜಿಸ್ಟರ್ ಮಾಡೋ ಬದಲು ಇರೋ ರಿಜಿಸ್ಟರ್‌ಗೇ "ಡಿಸ್ಚಾರ್ಜ್ ಆಗುವಾಗ ಹೇಗಿದ್ರು" ಅಂತ ಒಂದು ಕಾಲಂ ಸೇರಿಸಿದ್ರೆ ಅರ್ಧ ಕೆಲಸ ಆಗುತ್ತೆ.

ಖರ್ಚಿನ_ಕಡತ:

ದುಡ್ಡಿನ ಭಾಗ ಇನ್ನೂ ಯಾರೂ ಮುಟ್ಟಿಲ್ಲ, ನಾನು ಬರೀತೀನಿ, ಉದ್ದ ಆಗುತ್ತೆ.

ಕಮಿಷನ್ ಲೆಕ್ಕದಲ್ಲಿ ವರ್ಷಕ್ಕೆ 3 ಕೋಟಿ 30 ಲಕ್ಷ ಜನ ಸರ್ಜರಿ ಮತ್ತು ಅನಸ್ತೇಶಿಯಾ ಬಿಲ್ಲಿಂದಾನೇ ನೆಲ ಕಚ್ತಾರೆ. ಬಸ್ಸು, ಗಾಡಿ, ಊಟ, ಜೊತೆಗೆ ಬಂದೋರ ವಸತಿ ಇಂಥ ಆಸ್ಪತ್ರೆಯದ್ದಲ್ಲದ ಖರ್ಚಿಂದ ಇನ್ನೂ 4 ಕೋಟಿ 80 ಲಕ್ಷ. ಅಂದ್ರೆ ಬಿಲ್ಲಿಗಿಂತ ಬಿಲ್ಲಿನ ಆಚೆದೇ ಜಾಸ್ತಿ. ಆಸ್ಪತ್ರೆ ಕ್ಯಾಷ್ ಕೌಂಟರ್ ಡೇಟಾ ಇಟ್ಕೊಂಡು "ನಮ್ಮಲ್ಲಿ ಸರ್ಜರಿ ಉಚಿತ, ಹೊರೆ ಸೊನ್ನೆ" ಅಂತ ಬರೆಯೋ ರಿಪೋರ್ಟ್‌ಗಳನ್ನ ನೋಡಿದೀನಿ, ಅದೇ ಆಸ್ಪತ್ರೆಯಲ್ಲಿ ಹೊಲಿಗೆ ದಾರ, ಗ್ಲೌಸ್, ರಕ್ತ, ಆಂಟಿಬಯೋಟಿಕ್ ಎಲ್ಲಾ ಹೊರಗಡೆಯಿಂದ ತನ್ನಿ ಅಂತ ಚೀಟಿ ಬರ್ದು ಕೊಡ್ತಿರ್ತಾರೆ. ಆ ಚೀಟಿ ಯಾವ ಖಾತೇಲೂ ಇರಲ್ಲ.

ಸಾಮಾನ್ಯವಾಗಿ ಬಳಸೋ ಗೆರೆ, ಮನೆಯ ವರ್ಷದ ಒಟ್ಟು ಖರ್ಚಿನ 10 ಪರ್ಸೆಂಟ್ ದಾಟಿದ್ರೆ, ಇಲ್ಲಾ ಹೊಟ್ಟೆಪಾಡಿಗೆ ಬೇಕಾದ್ದು ಕಳೆದು ಉಳಿಯೋದ್ರಲ್ಲಿ 40 ಪರ್ಸೆಂಟ್ ದಾಟಿದ್ರೆ ಅದು ಮನೆ ಮುಳುಗಿಸೋ ಖರ್ಚು. ಇದ್ರಲ್ಲಿ ಎರಡು ತೂತಿದೆ, ಎರಡೂ ಅತಿ ಬಡವರ ಕಡೆಗೇ ಇರೋದು. ಬಡತನದ ಗೆರೆ ಕೆಳಗೆ ಮೊದಲೇ ಇರೋ ಮನೆ ಇನ್ನೆಷ್ಟು ಕುಸಿದ್ರೂ "ಬಡತನಕ್ಕೆ ಬಿದ್ದೋರು" ಪಟ್ಟಿಗೆ ಬರಲ್ಲ, ಯಾಕಂದ್ರೆ ಅವರು ಗೆರೆ ದಾಟೋಕೆ ಗೆರೆ ಮೇಲೆ ಇರ್ಲೇ ಇಲ್ಲ. ಇನ್ನೊಂದು, ದುಡ್ಡಿಲ್ಲ ಅಂತ ಆಪರೇಷನ್‌ನೇ ಬಿಟ್ಟೋರ ಖರ್ಚು ಸೊನ್ನೆ, ಅವರು ನಿಮ್ಮ ಟೇಬಲ್‌ನಲ್ಲಿ "ರಕ್ಷಣೆ ಇರೋರು" ಜೊತೆ ಹೋಗಿ ಕೂತ್ಕೋತಾರೆ. ಕಾಲು ಕೊಳೆತು ಮನೇಲಿ ಮಲಗಿರೋರನ್ನ ರಕ್ಷಣೆ ಇದೆ ಅಂತ ಎಣಿಸೋ ಲೆಕ್ಕ ಲೆಕ್ಕಾನೇ ಅಲ್ಲ ಅಂತ ನನ್ನ ಅಭಿಪ್ರಾಯ. ಅದಕ್ಕೇ ಖರ್ಚು ಮಾಡಿದೋರನ್ನ ಬಿಟ್ಟು, ಆಪರೇಷನ್ ಬೇಕಾದ್ರೆ ಎಷ್ಟು ಜನ ಮುಳುಗೋ ಅಪಾಯದಲ್ಲಿದ್ದಾರೆ ಅಂತ ಇನ್ನೊಂದು ಲೆಕ್ಕ 2015ರಲ್ಲೇ ಹಾಕಿದ್ರು, 370 ಕೋಟಿ ಜನ ಅಂತ ಬಂತು. ವಿಶ್ವಬ್ಯಾಂಕಿನ ಡೇಟಾಬೇಸ್‌ನಲ್ಲಿ ದೇಶವಾರು ಸಿಗುತ್ತೆ, ಆದ್ರೆ ಅದು ಮಾಡೆಲ್ ಲೆಕ್ಕ, ಮನೆಮನೆಗೆ ಹೋಗಿ ಕೇಳಿದ್ದಲ್ಲ.

ಕೇಳೋ ರೀತಿ ಬಗ್ಗೆ ಒಂದು ಮಾತು. "ಒಟ್ಟು ಎಷ್ಟು ಖರ್ಚಾಯ್ತು" ಅಂದ್ರೆ ಜನ ಬಿಲ್ ನೆನಪಿಸ್ಕೊಂಡು ಒಂದು ನಂಬರ್ ಹೇಳಿ ಮುಗಿಸ್ತಾರೆ. "ದುಡ್ಡು ಎಲ್ಲಿಂದ ಹೊಂದಿಸಿದ್ರಿ" ಅಂತ ಕೇಳಿ. ಆಗ ಹೊರಗೆ ಬರುತ್ತೆ, ಸಾಲ ಯಾರ ಹತ್ರ, ಬಡ್ಡಿ ಎಷ್ಟು, ಏನು ಮಾರಿದ್ರು, ಯಾವ ಮಗುನ ಸ್ಕೂಲ್ ಬಿಡಿಸಿದ್ರು, ಜೊತೆಗಿದ್ದೋರ ಕೂಲಿ ಎಷ್ಟು ದಿನ ಹೋಯ್ತು. ಡಿಸ್ಚಾರ್ಜ್ ದಿನ ಒಂದ್ಸಲ, ಆರು ತಿಂಗಳಾದ್ಮೇಲೆ ಇನ್ನೊಂದ್ಸಲ ಕೇಳಿ, ಮಾರಾಟ ಎಲ್ಲಾ ಆಗೋದು ಮನೆಗೆ ಹೋದ್ಮೇಲೇನೇ.

ಎಣಿಕೆಗಾರ್ತಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳ್ತೀರ ಅಂದ್ಕೊಂಡಿರ್ಲಿಲ್ಲ. ಈಗ ಆ ಒಂದೇ ನಂಬರ್ ವಿಷಯ. ಟೀಮ್‌ನಲ್ಲಿ ಒಬ್ರು ಹೇಳ್ತಿರೋದು, ಟೈಮಿಗೆ ತಲುಪೋರು, ಆಸ್ಪತ್ರೆಗೆ ಸಾಮರ್ಥ್ಯ ಇರೋದು, ಸುರಕ್ಷಿತ ಆಗಿರೋದು, ಕೈಗೆಟಕೋದು, ಈ ನಾಲ್ಕು ಪರ್ಸೆಂಟ್‌ಗಳನ್ನ ಗುಣಿಸಿಬಿಡೋಣ ಅಂತ. ಆ 500 ಕೋಟಿ ಲೆಕ್ಕಕ್ಕೂ ಇದೇ ನಾಲ್ಕು ಆಯಾಮ ಇಟ್ಕೊಂಡಿದ್ರು. ನನಗೆ ಇದು ಸರಿ ಅನ್ನಿಸ್ತಿಲ್ಲ. ನಾಲ್ಕೂ 70 ಪರ್ಸೆಂಟ್ ಇದೆ ಅಂದ್ಕೊಳ್ಳಿ, ಗುಣಿಸಿದ್ರೆ 24 ಬರುತ್ತೆ. ಆದ್ರೆ ದೂರದಲ್ಲಿರೋರೇ ಬಡವರು, ಬಡವರ ಹತ್ರ ಇರೋದೇ ಸಾಮಾನು ಇಲ್ಲದ ಆಸ್ಪತ್ರೆ ಅಂತಾದ್ರೆ ನಾಲ್ಕರಲ್ಲೂ ಹೊರಗಿರೋದು ಅದೇ 30 ಪರ್ಸೆಂಟ್ ಜನ, ಆಗ ನಿಜವಾದ ಉತ್ತರ 70. ಒಂದೊಂದರಲ್ಲಿ ಬೇರೆ ಬೇರೆಯವರು ಹೊರಗಿದ್ರೆ ಉತ್ತರ ಸೊನ್ನೆಗೂ ಇಳೀಬೋದು. ಸೊನ್ನೆಯಿಂದ 70ರವರೆಗೆ ಯಾವುದು ಬೇಕಾದ್ರೂ ಆಗ್ಬೋದು ಅಂದ್ರೆ ಆ 24ಕ್ಕೆ ಏನು ಬೆಲೆ? ನಾಲ್ಕನ್ನೂ ಬೇರೆ ಬೇರೆ ಮೂಲದಿಂದ ತಗೊಂಡ್ರೆ ಇದು ಬಗೆಹರಿಯಲ್ಲ ಅನ್ಸುತ್ತೆ.

ಮನಿ_ಮನಿ_ಸರ್ವೆ:

ಸರಿಯಾಗಿ ಹಿಡದ್ರಿ ನೋಡ್ರಿ. ನಾಕೂ ಒಬ್ಬರಿಗೇ ಕೇಳಬೇಕು. ಹೋದ ವರ್ಷ ಸರ್ಜರಿ ಬೇಕಾಗಿದ್ದ ಮನಷ್ಯಾನ್ನ ಹಿಡಕೊಂಡು ಒಂದೊಂದ ಮೆಟ್ಟಿಲು ಕೇಳ್ಕೋತ ಹೋಗೂದು. ತೊಂದರಿ ಆತು, ಹೊರಟ್ರ್ಯಾ, ಎಷ್ಟ ಹೊತ್ತಿಗೆ ಮುಟ್ಟಿದ್ರಿ, ಮುಟ್ಟಿದಲ್ಲಿ ಆಪರೇಷನ್ ಆತೋ ಮುಂದ ಕಳಿಸಿದ್ರೋ, ಆದ ಮ್ಯಾಲ ತಿಂಗಳಿಗೆ ಹ್ಯಾಂಗಿದ್ರಿ, ಸಾಲ ತೀರೇತೋ ಇಲ್ಲೋ. ಸತ್ತವರಿದ್ರ ಇದನ್ನ ಮನಿಯವರಿಗೆ ಕೇಳೂದು. ನೂರು ಮಂದಿನ್ಯಾಗ ಯಾವ ಮೆಟ್ಟಿಲಿನ್ಯಾಗ ಎಷ್ಟು ಮಂದಿ ಬಿದ್ರು ಅಂತ ಸೀದಾ ಬರ್ತೈತಿ, ಗುಣಿಸೂದು ಬ್ಯಾಡ. ಕಡೀ ಮೆಟ್ಟಿಲಿನ್ಯಾಗ ಉಳದವರು ನಿಮ್ಮ ಸಾಹೇಬರು ಕೇಳೂ ಒಂದ ನಂಬರ್. ಅದನ್ನಷ್ಟ ಕೊಟ್ಟು ಮೆಟ್ಟಿಲು ಮುಚ್ಚಿಡಬ್ಯಾಡ್ರಿ ಮತ್ತ.

ತಾಪತ್ರಯ ಅಂದ್ರ ಸ್ಯಾಂಪಲ್. ಸಿಯೆರಾ ಲಿಯೋನ್‌ದಷ್ಟು ಮಂದಿನ್ನ ಕೇಳಿದ್ರೂ ತೊಂದರಿ ಇದ್ದವರು ಸಿಗೂದು 900ರ ಆಸುಪಾಸು, ಅದ್ರಾಗ ಹೋದ ವರ್ಷದ ಎಮರ್ಜೆನ್ಸಿ ಅಂದ್ರ ಭಾಳ ಕಡಿಮಿ. ಜಿಲ್ಲಾವಾರು ನಂಬರ್ ಕೊಡತೇವಿ ಅಂತ ಯಾರಿಗೂ ಮಾತು ಕೊಡಬ್ಯಾಡ್ರಿ. ಜಿಲ್ಲಾಕ್ಕ ನಕ್ಷೆ ಮತ್ತ ರಜಿಸ್ಟರ್, ದೇಶಕ್ಕ ಸರ್ವೆ.

ಜಿಲ್ಲಾ_ಸರ್ಜನ್:

ಸಿಬ್ಬಂದಿ ಎಣಿಕೆ ಬಗ್ಗೆ ಒಂದೇ ಮಾತು ಸೇರಿಸ್ತೀನಿ. ಲಕ್ಷಕ್ಕೆ 20 ಅನ್ನೋದು ಸ್ಪೆಷಲಿಸ್ಟ್‌ಗಳ ಲೆಕ್ಕ. ಮೊಜಾಂಬಿಕ್‌ನಲ್ಲಿ 1984ರಿಂದಾನೇ ಎಂಬಿಬಿಎಸ್ ಥರದ ಡಿಗ್ರಿ ಇಲ್ಲದೋರಿಗೆ ಸರ್ಜರಿ ತರಬೇತಿ ಕೊಟ್ಟು ಹಳ್ಳಿ ಆಸ್ಪತ್ರೆಗಳಿಗೆ ಹಾಕಿದ್ದಾರೆ, ಅಲ್ಲಿನ ಗ್ರಾಮೀಣ ಆಸ್ಪತ್ರೆಗಳ ದೊಡ್ಡ ಹೆರಿಗೆ ಆಪರೇಷನ್‌ಗಳಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಅವರದ್ದೇ ಕೈ ಅಂತ 2007ರ ಒಂದು ಸ್ಟಡಿ ತೋರಿಸಿತ್ತು. ಮಲಾವಿಯಲ್ಲೂ ಕ್ಲಿನಿಕಲ್ ಆಫೀಸರ್‌ಗಳೇ ಬಹುಪಾಲು ಸಿಸೇರಿಯನ್ ಮಾಡೋದು. ಇವರನ್ನ ಎಣಿಸದೇ ಇದ್ರೆ ಆ ಹಳ್ಳಿಗಳಲ್ಲಿ ಯಾರೂ ಇಲ್ಲ ಅಂತ ನಿಮ್ಮ ಟೇಬಲ್ ಹೇಳುತ್ತೆ, ಆದ್ರೆ ದಿನಾ ಜೀವ ಉಳಿಸ್ತಿರೋರು ಅವರೇ. ಸ್ಪೆಷಲಿಸ್ಟ್‌ಗಳ ಜೊತೆ ಇವರನ್ನೂ ಸೇರಿಸಿ ಒಂದೇ ಸಂಖ್ಯೆ ಕೊಡಿ ಅಂತ ನಾನಂತೂ ಹೇಳ್ತೀನಿ.

ಓಟಿ_ಒಳಗಿಂದ:

ಸರ್, ಎಣಿಸ್ಬೇಕು ಅನ್ನೋದು ಒಪ್ತೀನಿ, ಒಂದೇ ಸಂಖ್ಯೆಗೆ ಸೇರಿಸೋದು ಒಪ್ಪಲ್ಲ. ಸೇರಿಸಿಬಿಟ್ರೆ ಸರ್ಕಾರದವರು 20 ಮುಟ್ಟಿದೀವಿ ಅಂತ ಕೈ ತೊಳ್ಕೊಂಡು, ಸ್ಪೆಷಲಿಸ್ಟ್ ತರಬೇತಿ ಸೀಟು ಹೆಚ್ಚಿಸೋದನ್ನ ನಿಲ್ಲಿಸ್ತಾರೆ. ಎರಡು ಕಾಲಂ ಇರ್ಲಿ. ಅನಸ್ತೇಶಿಯಾಗೆ ಇನ್ನೊಂದು ಕಾಲಂ ಕೇಳ್ತೀನಿ, ಯಾಕಂದ್ರೆ ಮೂರು ವಿಭಾಗ ಒಟ್ಟು ಮಾಡಿದ್ರೆ ಹೆರಿಗೆ ಡಾಕ್ಟ್ರು ಜಾಸ್ತಿ ಇರೋ ದೇಶದಲ್ಲಿ ಅನಸ್ತೇಶಿಯಾದವರ ಕೊರತೆ ಕಾಣೋದೇ ಇಲ್ಲ, ಸರ್ಜನ್ ಇದ್ದೂ ಆಪರೇಷನ್ ನಿಲ್ಲೋದು ಬಹಳ ಸಲ ಅಲ್ಲೇ. ಪಟ್ಟಣದಲ್ಲಿ ಎಷ್ಟು, ಹೊರಗೆ ಎಷ್ಟು ಅಂತಾನೂ ಬೇರೆ ಮಾಡಿ.

ಜಿಲ್ಲಾ_ಸರ್ಜನ್:

ಎರಡು ಕಾಲಂ ಆದ್ರೂ ಅಕ್ಕಪಕ್ಕ ಒಂದೇ ಪುಟದಲ್ಲಿ ಇರ್ಲಿ ಸರ್, ಅವರನ್ನ ಕೊನೆಯ ಅನುಬಂಧಕ್ಕೆ ತಳ್ಳೋದು ಬೇಡ.

ಎಣಿಕೆಗಾರ್ತಿ:

ಒಂದೇ ಪುಟದಲ್ಲೇ ಹಾಕ್ತೀನಿ ಸರ್. ಸದ್ಯಕ್ಕೆ ಹೀಗೆ ಮಾಡ್ಬೇಕು ಅಂತಿದೀನಿ, ಮೊದಲು ಕೆಲವು ಆಸ್ಪತ್ರೆಗಳಲ್ಲಿ ಓಟಿ ಪುಸ್ತಕ, ವಾರ್ಡ್ ಪುಸ್ತಕ ಹೊಂದಿಸಿ ನೋಡಿ ಎಷ್ಟು ಸಾವು ತಪ್ಪಿಹೋಗ್ತಿವೆ ಅಂತ ತಿಳ್ಕೊಳ್ಳೋದು, ಅದೇ ಭೇಟೀಲಿ ಕೊನೆಯ ಲ್ಯಾಪರಾಟಮಿಯ ತಾರೀಖು, ಗಂಟೆ ಬರ್ಕೊಂಡು ರಾತ್ರಿ ನಕ್ಷೆಗೆ ಹಾಕೋದು, ಆಮೇಲೆ ಮನೆಮನೆ ಸರ್ವೆ. ಒಂದು ಉಳಿದಿದೆ. ಮನೆಯವರಿಗೆ ಸತ್ತೋರ ಬಗ್ಗೆ ಕೇಳೋವಾಗ, ಆಪರೇಷನ್ ಆಗಿದ್ರೆ ಉಳೀತಿದ್ರು ಅಂತ ನಮ್ಮ ಪ್ರಶ್ನೆಯಿಂದಾನೇ ಅವರಿಗೆ ಅನ್ಸಿಬಿಟ್ರೆ? ಆ ನೋವು ಹೊತ್ಕೊಂಡು ಅವರು ಬದುಕ್ಬೇಕಲ್ವಾ.

ಮನಿ_ಮನಿ_ಸರ್ವೆ:

ಅದನ್ನ ನೀವು ಈಗಲೇ ಯೋಚನಿ ಮಾಡಿದ್ದು ಭಾಳ ಚೊಲೋ ಆತು. ಆಪರೇಷನ್ ಅನ್ನೂ ಶಬ್ದ ನಮ್ಮ ಬಾಯಿಂದ ಮೊದಲ ಬರಬಾರದು. ಏನೇನಾತು ಹೇಳ್ರಿ ಅಂತ ಕೇಳಿ ಅವರು ಹೇಳಿದ್ದನ್ನ ಬರಕೊಳ್ಳೂದು, ಸರ್ಜರಿಯಿಂದ ಉಳೀಬಹುದಿತ್ತೋ ಇಲ್ಲೋ ಅನ್ನೂದನ್ನ ಆಮ್ಯಾಲ ಇಬ್ಬರು ಡಾಕ್ಟರು ಬ್ಯಾರೆ ಬ್ಯಾರೆ ಕುಂತು ಓದಿ ತೀರ್ಮಾನ ಮಾಡೂದು. ಸತ್ತು 40 ದಿನದೊಳಗ ಇದ್ದ ಮನಿಗೆ ನಾವು ಹೋಗೂದಿಲ್ಲ, ಪಟ್ಟಿನ್ಯಾಗ ಗುರುತು ಮಾಡಿ ಆಮ್ಯಾಲ ಹೋಗತೇವಿ. ಅಂಥಾ ಮನಿಗಳಿಗೆ ಅನುಭವ ಇದ್ದವರನ್ನಷ್ಟ ಕಳಸ್ರಿ. ಮನ್ಯಾಗ ಈಗ ಯಾರಿಗರೆ ಗಂಟೋ ಗಾಯನೋ ಕಂಡ್ರ ಎಲ್ಲಿಗೆ ಕಳಸಬೇಕು ಅನ್ನೂ ಆಸ್ಪತ್ರಿ ಪಟ್ಟಿ ಸರ್ವೆಯವರ ಕೈಯಾಗ ಇರಲೇಬೇಕು, ಬರಕೊಂಡು ಸುಮ್ಮನ ಎದ್ದು ಬರಾಕ ಆಗೂದಿಲ್ಲ. ಪ್ರಶ್ನಿಗಳ ಡ್ರಾಫ್ಟ್ ಆದ ಮ್ಯಾಲ ಇಲ್ಲೇ ಹಾಕ್ರಿ, ಸಾವಿನ ಭಾಗ ನಾ ಓದಿ ತಿದ್ದಿ ಕೊಡತೇನಿ.